ಶಾರದಾ ಸದನದ ತೆರೆದ ಬಾಗಿಲು

ಆದಿತ್ಯನಗರ, ಸೇಡಂ, ಚಿತ್ತಾಪುರಗಳ ಕಡೆಯಿಂದ ವಾಡಿಗೆ ಬಂದು, ಶಹಾಬಾದು, ಕಲಬುರಗಿ, ಸೊಲ್ಲಾಪುರಗಳನ್ನು ದಾಟಿ ಪುಣೆಯತ್ತ ಸಾಗುವ ರೈಲುಹಾದಿಯಲ್ಲಿ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವಿದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಇರುವುದು ಅಲ್ಲಿ. ಅವರು ಕನ್ನಡನಾಡಿಗೆ ಹೊರಗಿನವರಲ್ಲ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸೀಮೆಯ ಮಾಳದವರು. ನಿಜಾಮರ ಆಳ್ವಿಕೆಗೆ ಸೇರಿದ್ದ ಕಲಬುರಗಿಯಲ್ಲಿ ಅವರೂ ಮಗಳು ಮನೋರಮಾಬಾಯಿಯೂ 1910ರ ದಶಕದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ರಮಾಬಾಯಿಯವರ ವಿದ್ವತ್ತನ್ನು ಎಲ್ಲರೂ ಕೊಂಡಾಡುತ್ತಾರೆ. ನಾನು ಈಗ ಹೇಳಹೊರಟಿರುವುದು ಅವರ ಪ್ರಾಮಾಣಿಕತೆಯನ್ನೇ ಒರೆಗೆ ಹಚ್ಚಿದ 1893ರ ವಿವಾದವನ್ನು.

ಮಡದಿಗೆ ಸಂಸ್ಕೃತ ಕಲಿಸಿ ಪಂಡಿತರ ಅಸಮಾಧಾನಕ್ಕೆ ಗುರಿಯಾದ ತಂದೆಯ ಮಗಳು ಆಕೆ. ಕ್ಷಾಮದಲ್ಲಿ ತಾಯಿತಂದೆಯರನ್ನು ಕಳೆದುಕೊಂಡು, ಅಣ್ಣನೊಡನೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದರು. 1882ರಲ್ಲಿ ಗಂಡನನ್ನು ಕಳೆದುಕೊಂಡು ಎಳೆಗೂಸಿನೊಡನೆ ಪುಣೆಗೆ ಬಂದು ‘ಆರ್ಯ ಮಹಿಳಾ ಸಮಾಜ’ವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಮಹಿಳಾ ವೈದ್ಯರೂ ಬೇಕೆಂದು ಸಾಕ್ಷ್ಯ ನುಡಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದಾಗ ಪುಣೆಯ ಸುಧಾರಕರ ಮನಸ್ಸು ನೊಂದಿತು.

1887ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘ ಹುಟ್ಟಿತು. ಮೇಲ್ಜಾತಿಯ ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ನೆರವು ಕೊಡಲು ಅದು ಒಪ್ಪಿತು. ಅಲ್ಲಿ ಯಾವ ಮತವನ್ನೂ ಬೋಧಿಸಬಾರದೆಂಬುದು ಕರಾರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಇಬ್ಬರೇ ವಿದ್ಯಾರ್ಥಿನಿಯರಿಂದ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂದಿತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಭಂಡಾರಕರ್ ಅವರಂಥ ಹಿರಿಯರು ಸಲಹೆಗಾರರಾದರು. ಕ್ರೈಸ್ತಳಾದ ಹೆಂಗಸಿನ ಕೈಗೆ ಬಾಲವಿಧವೆಯರನ್ನು ಒಪ್ಪಿಸಲು ಪೋಷಕರಿಗೆ ಈ ಹೆಸರುಗಳ ಭರವಸೆ ಬೇಕಾಗಿತ್ತು.

ಕಲಹದ ಮೂಲ ಒಂದು ಬಾಗಿಲು. ರಮಾಬಾಯಿ ಮುಂಜಾನೆ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಇದು ಮತಾಂತರದ ಒಳದಾರಿಯೆಂದು ‘ಕೇಸರಿ’ ಪತ್ರಿಕೆ ಟೀಕಿಸಿತು. ತಾನು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಅಟ್ಟುವುದೂ ಇಲ್ಲ. ಹುಡುಗಿಯರಿಗೆ ತಮ್ಮ ಪೂಜೆ, ಆಚಾರಗಳ ಸ್ವಾತಂತ್ರ್ಯವಿದೆ ಎಂಬುದು ರಮಾಬಾಯಿಯವರ ಉತ್ತರ. 1893ರ ಆಗಸ್ಟ್ ತಿಂಗಳಲ್ಲಿ ರಾನಡೆ, ಭಂಡಾರಕರರು ಬಾಸ್ಟನ್ನಿಗೆ ಪತ್ರ ಬರೆದು ಹೊರಬಂದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಸ್ಟನ್ನಿನ ಸಂಘ ಮಾತ್ರ ರಮಾಬಾಯಿಯವರಲ್ಲಿ ವಿಶ್ವಾಸ ಕಳೆದುಕೊಳ್ಳಲಿಲ್ಲ.

ಯಾರು ಸರಿ? ಗುಟ್ಟಾಗಿ ನಡೆದುಕೊಂಡರೆಂಬ ದೋಷವನ್ನು ರಮಾಬಾಯಿಯವರ ಮೇಲೆ ಹೊರಿಸಲಾಗದು. ಬಾಗಿಲನ್ನು ಮುಚ್ಚಿದ್ದರೆ ವಿವಾದವೇ ಇರುತ್ತಿರಲಿಲ್ಲ. ಚರ್ಚಿನ ಹಿರಿಯರೊಡನೆಯೂ ಅವರು ಹೀಗೆಯೇ ನಡೆದುಕೊಂಡರು. ಮನಸ್ಸಿಗೆ ಒಪ್ಪದ ತತ್ತ್ವವನ್ನು ಒಪ್ಪೆನೆಂದು ಇಂಗ್ಲೆಂಡಿನ ಸಿಸ್ಟರ್ ಜೆರಾಲ್ಡೀನರಿಗೆ ಬರೆದು, ಅಹಂಕಾರಿಯೆನ್ನಿಸಿಕೊಂಡರು. ಆದರೂ ರಾನಡೆಯವರ ಆಕ್ಷೇಪಣೆಯನ್ನು ಬರಿಯ ಸಂಪ್ರದಾಯದ ಹಟವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅನ್ನವನ್ನೂ ಅಕ್ಷರವನ್ನೂ ಕೊಡುವ ಕೈಗಳೇ ಪ್ರಾರ್ಥನೆಗೆ ಜೋಡಿಸಿಕೊಂಡಾಗ, ದಿಕ್ಕಿಲ್ಲದ ಬಾಲೆಯರು ಅತ್ತ ಒಲಿಯುವುದಕ್ಕೆ ಆಜ್ಞೆ ಬೇಕಾಗುವುದಿಲ್ಲ. ಮುಂದೆ ಕೆಲವರು ಕ್ರೈಸ್ತರಾದದ್ದೂ ಉಂಟು. ‘ಮತನಿರಪೇಕ್ಷ’ವೆಂಬ ಒಂದೇ ಮಾತಿಗೆ ಬಾಸ್ಟನ್ನಿನವರು ‘ಬೋಧಿಸದಿರುವುದು’ ಎಂದೂ, ಪುಣೆಯವರು ‘ಪ್ರಭಾವ ಬೀರದಿರುವುದು’ ಎಂದೂ, ರಮಾಬಾಯಿ ‘ಬಲಾತ್ಕರಿಸದಿರುವುದು’ ಎಂದೂ ಅರ್ಥಮಾಡಿಕೊಂಡಿದ್ದರು. ಮೂವರೂ ಪ್ರಾಮಾಣಿಕರೇ. ಮೊದಲೇ ಕುಳಿತು ಆ ಮಾತಿನ ಅರ್ಥವನ್ನು ಒಂದಾಗಿಸಿಕೊಳ್ಳದೆ ಹೋದರು.

ಬೆಲೆ ತೆತ್ತವರು ಮನೆಗೆ ಮರಳಿದ ಹುಡುಗಿಯರು. ಸದನದ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ಗೋದೂಬಾಯಿ ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾದರು. ಕರ್ವೆಯವರು ಪುಣೆಯಲ್ಲಿ ವಿಧವಾಶ್ರಮವನ್ನು ತೆರೆದದ್ದು 1896ರಲ್ಲಿ. ನಡುವಣ ಆ ಮೂರು ವರ್ಷ, ಸದನದಿಂದ ಬಿಡಿಸಿಕೊಂಡು ಹೋದ ಬಾಲವಿಧವೆಯ ಕೈಯಲ್ಲಿದ್ದ ಪುಸ್ತಕದ ಗತಿ ಏನಾಗಿರಬಹುದು? ಇತ್ತ ರಮಾಬಾಯಿ ಕ್ಷಾಮಪೀಡಿತ ಹೆಣ್ಣುಮಕ್ಕಳನ್ನು ಕರೆತಂದು, ಬಾಸ್ಟನ್ನಿನ ಹತ್ತು ವರ್ಷದ ಅವಧಿ ಮುಗಿದ ಮೇಲೆ, ಕೇಡಗಾಂವಿಯ ಮುಕ್ತಿಯನ್ನು ಬಹಿರಂಗವಾಗಿಯೇ ಕ್ರೈಸ್ತಸಂಸ್ಥೆಯಾಗಿ ನಡೆಸಿದರು. ಅಲ್ಲಿ ಮಾತಿಗೂ ನಡತೆಗೂ ನಡುವೆ ಅನುಮಾನಕ್ಕೆ ಎಡೆಯಿರಲಿಲ್ಲ. 1922ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಹಾದಿಯನ್ನು ಬಿಡಲಿಲ್ಲ.

ಹೆಣ್ಣುಮಕ್ಕಳ ಹಿತಕ್ಕಾಗಿ ಸಂಸ್ಥೆ ಕಟ್ಟುವವರು ಹಣದ ಲೆಕ್ಕವನ್ನು ಒಪ್ಪಿಸುವುದು ವಾಡಿಕೆ. ಕೊಟ್ಟ ಮಾತಿನ ಲೆಕ್ಕವನ್ನೂ ಒಪ್ಪಿಸಬೇಕು. ಅದೂ ದಾನಿಗಳಿಗೆ, ಪೋಷಕರಿಗೆ ಮಾತ್ರವಲ್ಲದೆ, ಆಶ್ರಯ ಬೇಡಿ ಬಂದ ಆ ಹೆಣ್ಣುಮಗಳಿಗೂ. ಶಾರದಾ ಸದನದ ಇತಿಹಾಸ ನಮ್ಮ ಮುಂದಿಡುವ ಪ್ರಶ್ನೆ ಇದೇ ಎಂದು ನಾನು ತಿಳಿದಿದ್ದೇನೆ.