ಹೃದಯ ಶಸ್ತ್ರಚಿಕಿತ್ಸೆಯ ಗಾಯ: ಒಂದು ಚರಿತ್ರೆ, ಒಂದು ಎಚ್ಚರಿಕೆ



ಚರಿತ್ರೆ ಎಂದಾಕ್ಷಣ ದುರ್ಗದವರಾದ ನಮಗೆ ನೆನಪಾಗುವುದು ಮದಕರಿ ನಾಯಕ, ಹೈದರಾಲಿ ಮತ್ತು ಕಲ್ಲಿನ ಕೋಟೆ. ಆದರೆ ರೋಗಕ್ಕೂ ಚಿಕಿತ್ಸೆಗೂ ಚರಿತ್ರೆ ಇದೆ. "ಹೃದಯದ ಆಪರೇಷನ್ ಚೆನ್ನಾಗಿಯೇ ಆಯಿತು, ಆಮೇಲೆ ಎದೆಯಲ್ಲಿ ಕೀವು ತುಂಬಿತು" ಎಂಬ ಮಾತನ್ನು ನೀವೂ ಕೇಳಿರಬಹುದು. ಹೀಗೇಕಾಗುತ್ತದೆ?

ಹೃದಯವನ್ನು ತಲುಪಲು ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳುವ ದಾರಿಯನ್ನು 1897ರಲ್ಲಿ ಕೈರೋದ ಶಸ್ತ್ರವೈದ್ಯ ಹರ್ಬರ್ಟ್ ಮಿಲ್ಟನ್ ವಿವರಿಸಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್, ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. 1957ರಲ್ಲಿ ಆರ್ಮಂಡ್ ಜೂಲಿಯನ್ ಅವರು ಮಿಲ್ಟನ್ ತೋರಿದ ದಾರಿಯೇ ಉತ್ತಮವೆಂದು ಸಾರಿದ ಮೇಲೆ ಅದು ಎಲ್ಲೆಡೆ ರೂಢಿಯಾಯಿತು. 1967ರಲ್ಲಿ ಫವಲೋರೊ ಆರಂಭಿಸಿದ ಬೈಪಾಸ್ ಚಿಕಿತ್ಸೆಯಿಂದ ಲಕ್ಷಾಂತರ ಜನ ಬದುಕಿದರು.

ನಮ್ಮ ರಾಜ್ಯದಲ್ಲಿ 1972ರಲ್ಲಿ ಆರಂಭವಾದ ಜಯದೇವ ಹೃದ್ರೋಗ ಸಂಸ್ಥೆಗೆ ಚಿತ್ರದುರ್ಗ ಮುರುಘಾಮಠದ ಜಯದೇವ ಸ್ವಾಮೀಜಿಯವರ ಹೆಸರಿದೆ. 2003ರಲ್ಲಿ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರಿಗೂ ಇಂಥ ಚಿಕಿತ್ಸೆಯ ಬಾಗಿಲು ತೆರೆಯಿತು.

ಆದರೆ ಸೀಳಿದ ಮೂಳೆಯನ್ನು ಉಕ್ಕಿನ ತಂತಿಯಿಂದ ಕಟ್ಟಿದ ನಂತರ ಅದರ ಹಿಂದಿನ ಜಾಗಕ್ಕೆ ರೋಗಾಣು ಇಳಿದರೆ, ಅದೇ ಮೀಡಿಯಾಸ್ಟಿನೈಟಿಸ್. ಇದು ನೂರರಲ್ಲಿ ಒಬ್ಬರಿಂದ ನಾಲ್ವರವರೆಗೆ ಬರಬಹುದು. ಸಂಖ್ಯೆ ಚಿಕ್ಕದು, ಅಪಾಯ ಮಾತ್ರ ಪ್ರಾಣಾಂತಿಕ.

ಯಾರಿಗೆ ಹೆಚ್ಚು ಅಪಾಯ? ಸಕ್ಕರೆ ಕಾಯಿಲೆಯವರಿಗೆ, ಅತಿ ದಪ್ಪನೆಯವರಿಗೆ, ಬೀಡಿ-ಸಿಗರೇಟು ಸೇದುವವರಿಗೆ, ಶ್ವಾಸಕೋಶ ಅಥವಾ ಮೂತ್ರಪಿಂಡ ಕೆಟ್ಟವರಿಗೆ. ರಕ್ತಸ್ರಾವದಿಂದ ಎದೆಯನ್ನು ಮತ್ತೆ ತೆರೆಯಬೇಕಾದಾಗ, ಹೆಚ್ಚು ದಿನ ಕೃತಕ ಉಸಿರಾಟದಲ್ಲಿ ಇಡಬೇಕಾದಾಗಲೂ ಅಪಾಯ ಏರುತ್ತದೆ. ಬೈಪಾಸಿಗಾಗಿ ಎದೆಯ ಒಳಗಿನ ಎರಡೂ ರಕ್ತನಾಳಗಳನ್ನು ತೆಗೆದರೆ ಮೂಳೆಗೆ ರಕ್ತ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು ತೊಂದರೆ ಕೊಡುತ್ತದೆ.

ಆದರೆ ಅಪಾಯವನ್ನು ತಗ್ಗಿಸಬಹುದು ಎಂಬುದನ್ನೂ ಚರಿತ್ರೆಯೇ ತೋರಿಸಿದೆ. 1971ರ ಒಂದು ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ರೇಜರಿನಿಂದ ಕೂದಲು ಬೋಳಿಸಿದವರಲ್ಲಿ ಶೇ. 5.6 ಜನರಿಗೆ ಗಾಯದ ಸೋಂಕು ಬಂತು. ಬೋಳಿಸದವರಲ್ಲಿ ಮತ್ತು ಕೂದಲು ಉದುರಿಸುವ ಔಷಧಿ ಹಚ್ಚಿದವರಲ್ಲಿ ಅದು ಶೇ. 0.6 ಮಾತ್ರ. ರೇಜರ್ ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಬೆಳೆಯುತ್ತದೆ. 1999ರಲ್ಲಿ ಅಮೆರಿಕದ ಫರ್ನರಿ ಮತ್ತು ಸಂಗಡಿಗರು ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 2,467 ಸಕ್ಕರೆ ಕಾಯಿಲೆಯವರ ಲೆಕ್ಕ ಪ್ರಕಟಿಸಿದರು. ಚುಚ್ಚುಮದ್ದಿನ ಬದಲು ಇನ್ಸುಲಿನ್ನನ್ನು ರಕ್ತನಾಳಕ್ಕೆ ನಿರಂತರವಾಗಿ ಹರಿಸಿದಾಗ ಆಳದ ಸೋಂಕು ಶೇ. 2ರಿಂದ ಶೇ. 0.8ಕ್ಕೆ ಇಳಿದಿತ್ತು. 2010ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು, ಮೂಗಿನಲ್ಲಿ ಸ್ಟೆಫಿಲೋಕಾಕಸ್ ಇರುವವರಿಗೆ ಮೊದಲೇ ಮುಲಾಮು ಹಚ್ಚಿ, ಔಷಧ ಬೆರೆತ ಸೋಪಿನಿಂದ ಸ್ನಾನ ಮಾಡಿಸಿದರೆ ಆ ರೋಗಾಣುವಿನ ಸೋಂಕು ಅರ್ಧಕ್ಕಿಂತ ಕಡಿಮೆಯಾಗುತ್ತದೆಂದು ತೋರಿಸಿದರು.

ಇದರಿಂದ ನಾವು ಕಲಿಯಬೇಕಾದುದೇನು? ಎಲ್ಲವೂ ಆಪರೇಷನ್ ಥಿಯೇಟರಿನಲ್ಲೇ ತೀರ್ಮಾನವಾಗುವುದಿಲ್ಲ, ಅರ್ಧ ಹೊಣೆ ಮನೆಯವರದು. ವೈದ್ಯರ ಮುಂದೆ ಸಕ್ಕರೆಯನ್ನೂ ಬೀಡಿಯನ್ನೂ ಮುಚ್ಚಿಡಬೇಡಿ. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಸೇದುವುದನ್ನು ಬಿಡಿಸಿ. ಊರಿನಲ್ಲೇ ಎದೆಯ ಕೂದಲು ಬೋಳಿಸಿಕೊಂಡು ಹೋಗಬೇಡಿ. ಈ ಸೋಂಕು ಎಷ್ಟೋ ಬಾರಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಣಿಸುತ್ತದೆ. ಜ್ವರ, ಗಾಯ ಕೆಂಪಾಗುವುದು, ಕೀವು, ದಿನೇ ದಿನೇ ಏರುವ ನೋವು, ಕೆಮ್ಮಿದಾಗ ಮೂಳೆ ಕದಲಿದಂತಾಗುವುದು, ಇವು ಅದರ ಲಕ್ಷಣಗಳು. ಆಗ ಅರಿಶಿನ ಹಚ್ಚಿ ಕಾಯುತ್ತಾ ಕೂರಬಾರದು. ಹಿರಿಯೂರಾಗಲಿ, ಹೊಸದುರ್ಗವಾಗಲಿ, ಹೊಳಲ್ಕೆರೆಯಾಗಲಿ, ಬೆಂಗಳೂರು ದೂರವೆಂದು ದಿನ ತಳ್ಳದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಅಂದೇ ತಿಳಿಸಿ, ಅವರು ಹೇಳಿದಂತೆ ಹೊರಡಬೇಕು.

ವಿದ್ಯಾರ್ಥಿಗಳೇ, ಮನೆಯ ಹಿರಿಯರಿಗೆ ಡಿಸ್ಚಾರ್ಜ್ ಚೀಟಿ ಓದಿ ಹೇಳುವವರು ನೀವೇ. ಅದರಲ್ಲಿರುವ ಸಕ್ಕರೆಯ ಅಂಕಿ, ಮಾತ್ರೆಯ ಹೊತ್ತು, ಮತ್ತೆ ತೋರಿಸಬೇಕಾದ ದಿನಾಂಕ ಈ ಮೂರನ್ನೂ ತಪ್ಪದೆ ಓದಿ ಹೇಳಿ. ನೀವು ಕಲಿತ ಅಕ್ಷರ ಒಂದು ಜೀವ ಉಳಿಸಬಲ್ಲದು.