ಮನೆಯಿಂದ ಮಠಕ್ಕೆ

ಪಿರಿಯಾಪಟ್ಟಣದ ತಾಲ್ಲೂಕಿನ ಕಂಪಲಾಪುರವು ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಅದರ ಸುತ್ತಣದು ರಾಗಿ, ಹೊಗೆಸೊಪ್ಪುಗಳ ಸೀಮೆ. ಇಂತಹ ಸೀಮೆಯಲ್ಲಿ ಮಗುವು ಪಾಠಶಾಲೆಗೆ ಹೋಗದೆ ಉಳಿಯುವುದಕ್ಕೆ ಬಡತನ, ಹೊಲಗೆಲಸ, ದಾರಿಯ ದೂರ ಇವು ಕಾರಣಗಳೆಂಬುದನ್ನು ಎಲ್ಲರೂ ಬಲ್ಲರು. ಲೆಕ್ಕಕ್ಕೆ ಬಾರದ ಕಾರಣವು ಇನ್ನೊಂದುಂಟು, ಅದು ಅಂಜಿಕೆ. ಕಂಡರಿಯದ ಕಟ್ಟಡದೊಳಗೆ, ಬೆತ್ತ ಹಿಡಿದವರ ಎದುರಿಗೆ, ಒಂಟಿಯಾಗಿ ಹೋಗಿ ಕುಳಿತುಕೊಳ್ಳುವುದು ಐದು ವರ್ಷದ ಎಳೆಯ ಜೀವಕ್ಕೆ ಸಾಮಾನ್ಯ ಸಾಹಸವಲ್ಲ. ಈ ಅಂಜಿಕೆಯನ್ನು ಹುಟ್ಟಿಸುವುದನ್ನೂ ಕಳೆಯುವುದನ್ನೂ ಕನ್ನಡ ನಾಡಿನ ಹಳೆಯ ಕೂಲಿಮಠಗಳು ಒಟ್ಟಿಗೇ ಬಲ್ಲವಾಗಿದ್ದುವು.

ಆ ಮಠಗಳ ಒಳನಡೆವಳಿಕೆಯನ್ನು ವಿವರವಾಗಿ ಬರೆದಿಟ್ಟವರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಮುಖ್ಯನು. ಮದರಾಸಿನ ಗವರ್ನರಾದ ಸರ್ ತಾಮಸ್ ಮನ್ರೋ ನಡೆಸಿದ ವಿಚಾರಣೆಗೆ ಉತ್ತರವಾಗಿ ಆತನು 1823ರಲ್ಲಿ ವರದಿಯನ್ನು ಕಳುಹಿಸಿದನು. 9,27,857 ಜನರಿದ್ದ ಆ ಜಿಲ್ಲೆಯಲ್ಲಿ ಆಗ 533 ಪಾಠಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಶಿಕ್ಷೆಯ ವಿಷಯದಲ್ಲಿ ಮಠವು ಕರುಣೆಯನ್ನರಿಯದು. ಬೆಳಗಿನ ಆರು ಗಂಟೆಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ, ಬರಿಯ ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಬಂದವನಿಗೆ ಒಂದೊಂದು ಹೆಚ್ಚು. ಸೋಮಾರಿಯಾದವನನ್ನು ಎರಡು ಕೈಗಳನ್ನೂ ಕಟ್ಟಿ ಮಾಡಿನಿಂದ ತೂಗುಹಾಕುವುದೂ ಉಂಟು. ತಡವಾದ ಹುಡುಗನು ಹಾದಿಯಲ್ಲಿಯೇ ಪೆಟ್ಟುಗಳನ್ನು ಎಣಿಸಿಕೊಂಡು ಹಿಂದಿರುಗುವುದು ಸೋಜಿಗವಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಚಿತ್ರವಿದೆ. ಮಗುವಿಗೆ ಐದು ವರ್ಷ ತುಂಬಿದಾಗ ಉಪಾಧ್ಯಾಯರನ್ನೂ ಮಠದ ಹುಡುಗರನ್ನೂ ಮನೆಗೆ ಕರೆಯುವರು. ಅವರೆಲ್ಲರೂ ಗಣಪತಿಯ ಸುತ್ತಲೂ ಕುಳಿತುಕೊಳ್ಳುವರು. ಮಗುವನ್ನು ವಿಗ್ರಹಕ್ಕೆ ಎದುರಾಗಿ ಕೂರಿಸುವರು. ಗುರುವು ಪಕ್ಕದಲ್ಲಿ ಕುಳಿತು, ಪ್ರಾರ್ಥನೆಯನ್ನು ಹೇಳಿಕೊಟ್ಟು, ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವನು. ಓದು ಮೊದಲಾಗುವುದು ಮರುದಿನ ಬೆಳಗ್ಗೆ. ಅಂದರೆ ಮಗುವು ಮಠಕ್ಕೆ ಹೋಗುವ ಮುನ್ನವೇ ಮಠವು ಮಗುವಿನ ಮನೆಗೆ ನಡೆದು ಬಂದಿರುತ್ತಿತ್ತು. ಹೊಸ್ತಿಲು ದಾಟುವಾಗ ಒಳಗೆ ಕಾಣುವ ಮುಖಗಳು ನಿನ್ನೆ ತನ್ನ ಮನೆಯಲ್ಲಿಯೇ ಕುಳಿತಿದ್ದವು.

ಹಳೆಯ ಮೈಸೂರು ಸೀಮೆಯಲ್ಲಿ ಮಹಾನವಮಿ ಬಂತೆಂದರೆ ಐಗಳು ಹುಡುಗರ ತಂಡವನ್ನು ಕಟ್ಟಿಕೊಂಡು ಮನೆಮನೆಗೂ ಹೋಗುವರು. ಹುಡುಗರು ಚೌಪದಗಳನ್ನು ಹಾಡಿ ಕೋಲು ಹಾಕುವರು. ಮನೆಯವರು ಗುರುವಿಗೆ ದಕ್ಷಿಣೆಯನ್ನೂ ಮಕ್ಕಳಿಗೆ ತಿಂಡಿಯನ್ನೂ ಕೊಡುವರು. ಇದು ಐಗಳ ಹೊಟ್ಟೆಪಾಡಿನ ಏರ್ಪಾಡೆಂಬುದು ನಿಜವೇ. ಆದರೂ ಒಬ್ಬನೇ ನಿಂತರೆ ನಾಲಗೆ ತೊದಲುವ ಹುಡುಗನು ಹತ್ತು ಕೊರಳುಗಳ ನಡುವೆ ತನ್ನ ಕೊರಳನ್ನು ಕೂಡಿಸಿ, ತನ್ನ ಮನೆಯ ಬಾಗಿಲಲ್ಲಿಯೇ ನಿಂತು ಹಾಡುವಾಗ, ಅವನಿಗೆ ಬರುವ ಧೈರ್ಯವು ಬೆತ್ತದಿಂದ ಬರುವಂತಹುದಲ್ಲ.

ಆ ತಂಡವು ಎಲ್ಲ ಬೀದಿಗಳಿಗೂ ಹೋಗುತ್ತಿರಲಿಲ್ಲ. ಊರ ಹೊರಗಣ ಕೇರಿಯ ಮಗುವಿನ ಮನೆಗಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಗಾಗಲಿ ಐಗಳು ಗಣಪತಿಯೊಡನೆ ಬಂದವರಲ್ಲ. ಈ ಲೋಪವನ್ನು ಮರೆತು ಕೂಲಿಮಠವನ್ನು ಹೊಗಳುವುದು ನ್ಯಾಯವಲ್ಲ.

1868ರಲ್ಲಿ ಮೈಸೂರಿನಲ್ಲಿ ಹೋಬಳಿ ಪಾಠಶಾಲೆಗಳ ಯೋಜನೆಯು ಮೊದಲಾಯಿತು. 1913ರಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವೂ ಬಂದಿತು. ಬಾಗಿಲು ಅಗಲವಾಯಿತು, ಹಾಜರಿ ಪುಸ್ತಕ ಬಂದಿತು. ಕೂಲಿಮಠಗಳೊಡನೆ ಅಕ್ಕಿಯ ಮೇಲಣ ಬರಹವೂ ಚೌಪದದ ತಂಡವೂ ಹಿಂದೆ ಸರಿದವು.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಶಾಲೆಗಳು ವರ್ಷಾರಂಭದಲ್ಲಿ ಪ್ರಾರಂಭೋತ್ಸವವನ್ನೂ ದಾಖಲಾತಿಯ ಜಾಥಾವನ್ನೂ ನಡೆಸುತ್ತಿವೆ. ಮಕ್ಕಳು ಉಪಾಧ್ಯಾಯರೊಡನೆ ಬೀದಿಬೀದಿಯಲ್ಲಿ ಘೋಷಿಸುತ್ತ ನಡೆಯುತ್ತಾರೆ; ಹೊಸದಾಗಿ ಸೇರಿದವರಿಗೆ ಹೂವು, ಸಿಹಿ ದೊರೆಯುತ್ತದೆ. ಕೂಲಿಮಠದ ಹುಡುಗರು ಕಾಲಿಡದಿದ್ದ ಕೇರಿಗಳಿಗೂ ಈ ಜಾಥಾ ಹೋಗುತ್ತದೆ. ಆದರೆ ಅದು ಬಹುಮಟ್ಟಿಗೆ ಬೀದಿಯಲ್ಲಿಯೇ ಹಾದುಹೋಗುತ್ತದೆ. ಅಂದಿನ ಹುಡುಗರಾದರೋ ಒಳಕ್ಕೆ ಬಂದು ಹೊಸಬನ ಜೊತೆಯಲ್ಲಿ ಕುಳಿತುಕೊಳ್ಳುತ್ತಿದ್ದರು.