ಹೆಸರಿಲ್ಲದ ಸೀಸೆಗಳ ಲೆಕ್ಕ

ಬಸುರಿ ಹೆಂಗಸು ಸರಕಾರಿ ಆಸ್ಪತ್ರೆಗೆ ಮೊದಲ ಸಲ ಹೋದಾಗ ತೋಳಿನಿಂದ ಒಂದಿಷ್ಟು ರಕ್ತ ತೆಗೆಯುತ್ತಾರೆ. ನಿಮ್ಮ ಮನೆಯ ಮಗಳಿಗೂ ಸೊಸೆಗೂ ಇದು ಗೊತ್ತಿರುವ ಸಂಗತಿಯೇ. ಆ ರಕ್ತದಿಂದಲೇ ಇಡೀ ದೇಶದ ಒಂದು ರೋಗವನ್ನು ಅಳೆದ ಚರಿತ್ರೆಯನ್ನು ಇಂದು ತಮ್ಮ ಮುಂದಿಡುತ್ತೇವೆ.

1986ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದಲ್ಲಿ ಎಚ್.ಐ.ವಿ. ಸೋಂಕನ್ನು ಮೊದಲ ಬಾರಿಗೆ ಪತ್ತೆಹಚ್ಚಿದರು. ರೋಗ ಬಂದಿದೆ ಎಂಬುದೇನೋ ತಿಳಿಯಿತು. ಆದರೆ ಎಷ್ಟು ಜನರಲ್ಲಿದೆ? ಹೊರಗೆ ಏನೂ ಕಾಣಿಸದೆ ವರ್ಷಗಟ್ಟಲೆ ಮೈಯೊಳಗಿರುವ ಸೋಂಕು ಇದು. ಬಾಯಿಬಿಟ್ಟು ಹೇಳುವವರೂ ಇರಲಿಲ್ಲ.

ಆಗ ತಜ್ಞರ ಕಣ್ಣು ಬಿದ್ದದ್ದು ಬಸುರಿಯರ ಮೇಲೆ. ಅವರು ರೋಗವಿದೆಯೆಂದು ಆಸ್ಪತ್ರೆಗೆ ಬಂದವರಲ್ಲ. ಎಲ್ಲ ಜಾತಿ, ಎಲ್ಲ ಕಸುಬಿನ ಮನೆಗಳಿಂದ ಬಂದವರು. ಸಿಫಿಲಿಸ್ ಪರೀಕ್ಷೆಗೆಂದು ಅವರ ರಕ್ತವನ್ನು ಹೇಗೂ ತೆಗೆಯುತ್ತಿದ್ದರು. 1998ರಿಂದ ದೇಶದಾದ್ಯಂತ ಕಾವಲು ಸಮೀಕ್ಷೆ ಕ್ರಮವಾಗಿ ನಡೆಯತೊಡಗಿತು. ಗೊತ್ತುಮಾಡಿದ ಒಂದೊಂದು ಆಸ್ಪತ್ರೆಯಿಂದಲೂ 400 ಬಸುರಿಯರ ರಕ್ತ. ಪರೀಕ್ಷೆಯಾಗಿ ಉಳಿದದ್ದನ್ನು ಹೆಸರು, ವಿಳಾಸ ಅಳಿಸಿ ಎಚ್.ಐ.ವಿ.ಗಾಗಿ ನೋಡುತ್ತಿದ್ದರು.

ಹೆಸರು ಅಳಿಸಿದ್ದರಿಂದ ಆ ತಾಯಿಯ ಗುಟ್ಟು ಉಳಿಯಿತು, ನಿಜ. ಆದರೆ ಸೋಂಕು ಇದ್ದವಳಿಗೂ ಆ ಸಮೀಕ್ಷೆಯಿಂದ ವಿಷಯ ತಿಳಿಯುವಂತಿರಲಿಲ್ಲ. ದೇಶಕ್ಕೆ ಲೆಕ್ಕ ಸಿಕ್ಕಿತು; ಅವಳು ಏನೂ ತಿಳಿಯದೆ ಮನೆಗೆ ಹೋದಳು. ಈ ನೋವನ್ನು ನಾವು ಮರೆಯಬಾರದು.

ಆ ಲೆಕ್ಕ ಏನು ಹೇಳಿತು? ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ, ಆಂಧ್ರ – ಅಂದರೆ ನಮ್ಮ ಗಡಿಗಳು ಕೂಡುವ ಸೀಮೆಯಲ್ಲೇ ಸೋಂಕು ಹೆಚ್ಚಾಗಿತ್ತು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಈ ನಾಲ್ಕು ರಾಜ್ಯಗಳ 15ರಿಂದ 24 ವರ್ಷದ ಬಸುರಿಯರಲ್ಲಿ 2000ದಲ್ಲಿ ಸಾವಿರಕ್ಕೆ 17 ಇದ್ದ ಸೋಂಕು 2004ರ ಹೊತ್ತಿಗೆ 11ಕ್ಕೆ ಇಳಿದಿತ್ತು. ಎಚ್ಚರಿಕೆಯ ಮಾತು ವ್ಯರ್ಥವಾಗಲಿಲ್ಲ.

ಅಳತೆಯಲ್ಲೂ ಒಂದು ಕೊರತೆ ಇತ್ತು. ಸರಕಾರಿ ಆಸ್ಪತ್ರೆಗೆ ಬಂದವರಷ್ಟೇ ಇಡೀ ದೇಶವಲ್ಲವಲ್ಲ! 2005–06ರಲ್ಲಿ ಮನೆಮನೆಯ ಆರೋಗ್ಯ ಸಮೀಕ್ಷೆಯಲ್ಲಿ ರಕ್ತ ಪರೀಕ್ಷೆಯೂ ನಡೆಯಿತು. 50 ಲಕ್ಷಕ್ಕೂ ಹೆಚ್ಚು ಜನರಿಗೆ ಸೋಂಕಿದೆ ಎಂದಿದ್ದ ಅಂದಾಜನ್ನು 2007ರಲ್ಲಿ ಸುಮಾರು 25 ಲಕ್ಷಕ್ಕೆ ತಿದ್ದಲಾಯಿತು. ಅದು ರೋಗ ಅರ್ಧವಾದದ್ದಲ್ಲ, ಲೆಕ್ಕ ಸರಿಯಾದದ್ದು. ಮುಂದೆ 2017ರ ಕಾವಲು ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಕಂಡ ಪ್ರಮಾಣ ಹತ್ತು ಸಾವಿರಕ್ಕೆ 28.

ಪ್ರಮಾಣ ಕಡಿಮೆಯಾಯಿತೆಂದು ಸುಮ್ಮನಿರಬಹುದೇ? ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಅದು ತಗಲಬಹುದು. ಬಸುರಿನಲ್ಲೇ ತಿಳಿದು, ತಾಯಿ ತಪ್ಪದೆ ಮಾತ್ರೆ ನುಂಗಿ, ಮಗುವಿಗೂ ಔಷಧಿ ಕೊಟ್ಟರೆ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಸರಕಾರ ಈ ಔಷಧಿಯನ್ನು ಉಚಿತವಾಗಿ ಕೊಡಲಾರಂಭಿಸಿದ್ದು 2004ರಲ್ಲಿ. ಸೋಂಕಿತ ಬಸುರಿಯರೆಲ್ಲರಿಗೂ ಜೀವನಪೂರ್ತಿ ಚಿಕಿತ್ಸೆ ಎಂಬ ನೀತಿ 2014ರಲ್ಲಿ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಕಾಯಬೇಕು ಎಂದು 2017ರ ಕಾಯಿದೆ ಹೇಳುತ್ತದೆ.

ನಮ್ಮ ಸೀಮೆಯಲ್ಲಿ ಗಂಡನ ಮನೆ ಒಂದು ರಾಜ್ಯದಲ್ಲಿ, ತವರು ಇನ್ನೊಂದು ರಾಜ್ಯದಲ್ಲಿ ಇರುವುದುಂಟು. ಚೊಚ್ಚಲ ಹೆರಿಗೆಗೆ ಮಗಳು ಗಡಿ ದಾಟಿ ಬರುತ್ತಾಳೆ. ಬಳೆ, ಸೀರೆಗಳ ಜೊತೆಗೆ ಆಸ್ಪತ್ರೆಯ ಚೀಟಿಯೂ ಬರಲಿ. ಅದು ಯಾವ ಭಾಷೆಯಲ್ಲಿದ್ದರೂ ಸರಿ, ವೈದ್ಯರಿಗೆ ತೋರಿಸಿ. ಪ್ರತಿ ಬಸುರಿನಲ್ಲೂ ಮೊದಲ ತಿಂಗಳುಗಳಲ್ಲೇ ಪರೀಕ್ಷೆಯಾಗಲಿ, ಗಂಡನೂ ಮಾಡಿಸಿಕೊಳ್ಳಲಿ. ಅಂದು ಹೆಸರಿಲ್ಲದ ಸೀಸೆ ದೇಶಕ್ಕೆ ತಿಳಿವು ಕೊಟ್ಟಿತು. ಇಂದು ಹೆಸರು ಬರೆದ ಸೀಸೆ ನಿಮ್ಮ ಮನೆಯ ಕೂಸನ್ನು ಕಾಯುತ್ತದೆ.